ಮಾಜಿ ಸೈನಿಕರನ್ನು ಮನೆವಾರು ಎಣಿಸುವುದೇಕೆ?

ಪ್ರಿಯ ಓದುಗರೆ,

ನಿಮ್ಮ ಪತ್ರ ತಲುಪಿತು. 'ಸೇನೆಯಿಂದ ನಿವೃತ್ತರಾದವರ ಲೆಕ್ಕ ಪಿಂಚಣಿ ಕಡತದಲ್ಲೇ ಇರುವಾಗ ಜನಗಣತಿಯಲ್ಲಿ ಮತ್ತೆ ಕೇಳುವುದೇಕೆ? ದುಡಿದದ್ದು ಒಬ್ಬರು, ಇಡೀ ಮನೆಯಲ್ಲವಲ್ಲ' ಎಂದು ಕೇಳಿದ್ದೀರಿ.

ಪಿಂಚಣಿ ಕಡತದಲ್ಲಿ ಸಿಗುವುದು ಪಿಂಚಣಿ ಪಡೆಯುವವರು ಮಾತ್ರ. ನಾಲ್ಕೈದು ವರ್ಷ ದುಡಿದು ಬೇರೆ ಕಸುಬು ಹಿಡಿದವರು ಸೇವಾ ದಾಖಲೆಯಲ್ಲಿ ಸಮವಸ್ತ್ರ ಕಳಚಿದ ದಿನದವರೆಗೆ ಇರುತ್ತಾರೆ. ಆಮೇಲೆ ಎಲ್ಲಿದ್ದಾರೆ, ಯಾರ ಜೊತೆಗಿದ್ದಾರೆ, ಬದುಕಿದ್ದಾರೋ ಇಲ್ಲವೋ ಎಂಬುದು ಆ ದಾಖಲೆಗೆ ತಿಳಿಯದು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆದದ್ದು ಇದೇ. ಮಾಜಿ ಸೈನಿಕರಿಗೆ ನೆರವಾಗುವ ರಾಯಲ್ ಬ್ರಿಟಿಷ್ ಲೀಜನ್ ಎಂಬ ಸಂಸ್ಥೆ ಪಟ್ಟು ಹಿಡಿದು ಕೇಳಿದ ಮೇಲೆ, 2021ರ ಗಣತಿಯಲ್ಲಿ ಮೊದಲ ಬಾರಿಗೆ ಸೇನೆಯಲ್ಲಿ ದುಡಿದಿದ್ದೀರಾ ಎಂಬ ಪ್ರಶ್ನೆ ಸೇರಿತು. ಸುಮಾರು 18.5 ಲಕ್ಷ ಮಂದಿ ಸಿಕ್ಕರು. 16 ತುಂಬಿದವರಲ್ಲಿ ಅವರು ಶೇ 3.8. ಅದೇ ಉತ್ತರಗಳನ್ನು ಮನೆವಾರು ಜೋಡಿಸಿದಾಗ ಶೇ 7ರಷ್ಟು ಮನೆಗಳಲ್ಲಿ ಕನಿಷ್ಠ ಒಬ್ಬರಾದರೂ ಮಾಜಿ ಸೈನಿಕರಿದ್ದರು, ಅಂದರೆ ಹದಿನಾಲ್ಕು ಮನೆಗೊಂದು. ಕಡ್ಡಾಯ ಸೇನಾ ಸೇವೆಯ ಕಾಲದವರು ಹೆಚ್ಚಿದ್ದುದರಿಂದ ಮೂವರಲ್ಲಿ ಹತ್ತಿರ ಹತ್ತಿರ ಒಬ್ಬರು 80 ದಾಟಿದವರು. ಅಂಥವರು ಒಂಟಿಯಾಗಿದ್ದಾರೆಯೇ, ನೋಡಿಕೊಳ್ಳುವ ಸಂಗಾತಿ ಇದ್ದಾರೆಯೇ ಎಂಬುದು ಮನೆಯ ಲೆಕ್ಕ ತೆಗೆಯದೆ ತಿಳಿಯುವುದಿಲ್ಲ. ರಾತ್ರಿ ಬೆಚ್ಚಿ ಎದ್ದು ಕೂರುವ ಯೋಧನ ಜೊತೆ ಎಚ್ಚರವಾಗುವುದು ಪಕ್ಕದಲ್ಲಿ ಮಲಗಿದ ಜೀವ. ಸೇವೆ ಒಬ್ಬರದು ಎಂಬ ನಿಮ್ಮ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ನಮ್ಮ ಹಿರಿಯರು ಗಣತಿಯನ್ನು ಖಾನೇಷುಮಾರಿ ಎನ್ನುತ್ತಿದ್ದರು. ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ.

ಅಮೆರಿಕದ 1840ರ ಗಣತಿ ಹಾಳೆಯನ್ನು ನೋಡಬೇಕು. ಅದರಲ್ಲಿ ಹೆಸರು ಬರೆಯುತ್ತಿದ್ದದ್ದು ಮನೆಯ ಯಜಮಾನನದು ಮಾತ್ರ. ಉಳಿದವರೆಲ್ಲ ವಯಸ್ಸಿನ ಅಂಕಣದಲ್ಲಿ ಬರೀ ಅಂಕಿ. ಆದರೆ ಎರಡನೇ ಪುಟದಲ್ಲಿ ಒಂದು ಅಂಕಣ: ಕ್ರಾಂತಿ ಯುದ್ಧದ (ಅಮೆರಿಕದ ಸ್ವಾತಂತ್ರ್ಯ ಯುದ್ಧದ) ಅಥವಾ ಇತರ ಸೇನಾ ಸೇವೆಯ ಪಿಂಚಣಿದಾರರ ಹೆಸರು, ವಯಸ್ಸು. ಮಗನ ಮನೆಯ ಮೂಲೆಯಲ್ಲಿದ್ದ ಮುದುಕನಿಗೂ, ಪಿಂಚಣಿ ಪಡೆಯುವ ವಿಧವೆಗೂ ಅಲ್ಲಿ ಹೆಸರು ಸಿಕ್ಕಿತು. ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. 1890ರಲ್ಲಿ ಅಲ್ಲೇ ಅಂತರ್ಯುದ್ಧದಲ್ಲಿ ಒಕ್ಕೂಟ ಸರ್ಕಾರದ ಪರ ಹೋರಾಡಿದ ಯೋಧರಿಗೂ ಅವರ ವಿಧವೆಯರಿಗೂ ಪ್ರತ್ಯೇಕ ಪಟ್ಟಿ ಮಾಡಿದರು. ಎದುರು ಪಕ್ಷದವರನ್ನೂ ಕೆಲವು ಗಣತಿದಾರರು ಬರೆದುಕೊಂಡಿದ್ದರು; ಆ ಹೆಸರುಗಳ ಮೇಲೆ ಆಮೇಲೆ ಗೀಟು ಎಳೆದರು. ಗೀಟಿನಡಿಯ ಹೆಸರುಗಳನ್ನು ಇಂದಿಗೂ ಓದಬಹುದು.

ಮನೆವಾರು ಗಣತಿಗೆ ಒಂದು ದೌರ್ಬಲ್ಯವೂ ಇದೆ. ಅನೇಕ ಮನೆಗಳಲ್ಲಿ ನಮೂನೆ ತುಂಬುವುದು ಒಬ್ಬರೇ. ಅಜ್ಜನನ್ನು ಕೇಳುತ್ತಾರೆ, ಅಜ್ಜಿಯನ್ನು ಕೇಳುವುದಿಲ್ಲ. ಇಂಗ್ಲೆಂಡ್–ವೇಲ್ಸ್‌ನ ಲೆಕ್ಕದಲ್ಲಿ ಶೇ 13.6ರಷ್ಟು ಮಾಜಿ ಸೈನಿಕರು ಮಹಿಳೆಯರು. ಮನೆಯವರಿಗೆ ಹೇಳಲಿಚ್ಛಿಸದವರು ಬೇರೆಯೇ ನಮೂನೆ ತರಿಸಿ ತಾವೇ ತುಂಬಬಹುದಿತ್ತು. ಈ ಪ್ರಶ್ನೆ ಕೇಳುವ ಎಲ್ಲ ದೇಶಗಳೂ ಅಷ್ಟು ಅವಕಾಶವನ್ನಾದರೂ ಇಡಬೇಕು.

– ಸಂಪಾದಕ