ಸರ್ಕಾರಿ ಕಚೇರಿಯಲ್ಲಿ ಹೊಸತನಕ್ಕೆ ಜಾಗ ಸಿಗುವುದು ಮುಖ್ಯಸ್ಥರಿಂದಲೋ, ವಾತಾವರಣದಿಂದಲೋ?

ಎರಡರಲ್ಲಿ ಯಾವುದು ಮುಖ್ಯ ಎಂದು ಕೇಳಿದ್ದೀರಿ. ಕಡತಗಳ ನಡುವೆ 20 ವರ್ಷ ಕಳೆದ ಮೇಲೆ ನನಗೆ ಇವೆರಡೂ ಬೇರೆ ಬೇರೆಯಾಗಿ ಕಾಣುವುದಿಲ್ಲ. ಹೊಸ ಪ್ರಯತ್ನ ಎಡವಿದ ಮರುದಿನ ಮುಖ್ಯಸ್ಥರು ಹೇಗೆ ನಡೆದುಕೊಳ್ಳುತ್ತಾರೋ, ಅದೇ ಆ ಕಚೇರಿಯ ವಾತಾವರಣವಾಗಿಬಿಡುತ್ತದೆ.

ನಮ್ಮಲ್ಲಿ ಒಂದು ಅರ್ಜಿ ನಮೂನೆಯಿತ್ತು. ಅದರಲ್ಲಿ ವಿಳಾಸವನ್ನು ಮೂರು ಕಡೆ ಬರೆಸಿಕೊಳ್ಳುತ್ತಿದ್ದೆವು. ಒಂದೇ ಕಡೆ ಸಾಕೆಂದು ಕಿರಿಯ ಗುಮಾಸ್ತರೊಬ್ಬರು ಅರ್ಧ ಪುಟದ ಟಿಪ್ಪಣಿ ಮಂಡಿಸಿದರು. ನಾಲ್ಕು ತಿಂಗಳ ಬಳಿಕ ‘ಪೂರ್ವನಿದರ್ಶನವಿಲ್ಲ’ ಎಂಬ ಷರಾ ಹೊತ್ತು ಕಡತ ಹಿಂದಿರುಗಿತು. ಅವರು ಮತ್ತೆ ಅಂಥ ಟಿಪ್ಪಣಿ ಬರೆಯಲಿಲ್ಲ. ಷರಾ ಬರೆದ ಅಧಿಕಾರಿಯನ್ನು ನಾನು ದೂರುವುದಿಲ್ಲ. ಹೊಸದನ್ನು ಮಾಡಿ ಎಡವಿದರೆ ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಉತ್ತರಿಸಬೇಕು, ಹಳೆಯದನ್ನೇ ನಡೆಸಿಕೊಂಡು ಹೋದರೆ ಯಾರೂ ಕೇಳುವುದಿಲ್ಲ.

ನಂತರ ಬಂದ ಅಧಿಕಾರಿ ಅದೇ ಕಡತ ತರಿಸಿ, ‘ಒಂದು ಶಾಖೆಯಲ್ಲಿ ಮೂರು ತಿಂಗಳು ಪ್ರಯೋಗಿಸಿ. ಲೋಪವಾದರೆ ಹೊಣೆ ನನ್ನದು’ ಎಂದು ಬರೆದು ಸಹಿ ಹಾಕಿದರು. ಎರಡನೇ ವಾರವೇ ಹಲವು ಅರ್ಜಿಗಳು ಎಲ್ಲೆಲ್ಲಿಗೋ ಹೋದವು. ಮೂರನೆಯ ಕಡೆ ಬರೆದ ವಿಳಾಸ ನೋಡಿಯೇ ರವಾನೆ ವಿಭಾಗದವರು ಅರ್ಜಿ ವಿಂಗಡಿಸುತ್ತಿದ್ದರೆಂದು ನಮಗಾರಿಗೂ ಗೊತ್ತಿರಲಿಲ್ಲ! ಕಾರಣ ಕೇಳುವ ನೋಟಿಸ್ ಬರುತ್ತದೆಂದು ಎಲ್ಲರೂ ಕಾದೆವು. ಅಧಿಕಾರಿ ಮಾತ್ರ ಗುಮಾಸ್ತರ ಮೇಜಿನ ಬಳಿ ಕುರ್ಚಿ ಎಳೆದುಕೊಂಡು ಕುಳಿತು, ದಾರಿ ತಪ್ಪಿದ ಅರ್ಜಿಗಳನ್ನು ಒಂದೊಂದಾಗಿ ನೋಡಿದರು. ಆ ತಿಂಗಳಲ್ಲೇ ಇನ್ನೂ ಮೂವರು ತಮ್ಮ ಸಲಹೆ ಬರೆದು ತಂದರು.

ದೊಡ್ಡ ಸಂಸ್ಥೆಗಳಲ್ಲೂ ಇದು ಹೀಗೆಯೇ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ 1975ರಲ್ಲಿ ಸುರಕ್ಷತಾ ಲೋಪಗಳನ್ನು ತನಗೆ ವರದಿ ಮಾಡುವಂತೆ ಪೈಲಟ್‌ಗಳನ್ನು ಕೇಳಿತು. ದಂಡಿಸುವ ಅಧಿಕಾರವಿದ್ದವರ ಮುಂದೆಯೇ ತಪ್ಪು ಒಪ್ಪಿಕೊಳ್ಳಲು ಯಾರು ಮುಂದೆ ಬಂದಾರು? 1976ರಲ್ಲಿ ವರದಿ ಪಡೆಯುವ ಕೆಲಸವನ್ನು ಪೈಲಟ್‌ಗಳನ್ನು ದಂಡಿಸುವ ಅಧಿಕಾರವಿಲ್ಲದ ನಾಸಾಗೆ ವಹಿಸಿ, ಹೆಸರು ಗೋಪ್ಯವಾಗಿಡುವ ಏರ್ಪಾಡು ಮಾಡಿದರು. ಆ ವ್ಯವಸ್ಥೆ ಇಂದಿಗೂ ನಡೆಯುತ್ತಿದೆ.

ನನ್ನನ್ನು ನಿಜಕ್ಕೂ ಕಾಡುವುದು ವರ್ಗಾವಣೆ. ಮುಖ್ಯಸ್ಥರು ಹೋದ ಮೇಲೆ ಅವರು ತಂದ ಹೊಸತನ ಉಳಿಯುತ್ತದೆಂಬ ಖಾತ್ರಿಯಿಲ್ಲ. ಹೆಸರು ಮಾಡಿದ ಪ್ರಯತ್ನಗಳೂ ನಿಂತುಹೋಗುವುದುಂಟು. ಸರ್ಕಾರಿ ಕೆಲಸದಲ್ಲಿ ಹೊಸ ವಿಧಾನಗಳನ್ನು ಹುಡುಕಲೆಂದೇ ಡೆನ್ಮಾರ್ಕ್ ಸರ್ಕಾರ 2002ರಲ್ಲಿ ಆರಂಭಿಸಿದ ಮೈಂಡ್‌ಲ್ಯಾಬ್ ಎಂಬ ಘಟಕ ಜಗತ್ತಿನಾದ್ಯಂತ ಹೆಸರು ಮಾಡಿಯೂ 2018ರಲ್ಲಿ ಮುಚ್ಚಿತು. ಒಳ್ಳೆಯ ಮುಖ್ಯಸ್ಥರು ಸಿಕ್ಕಿದ್ದಾರೆಂದರೆ, ಅವರಿರುವಾಗಲೇ ಹೊಸ ಪದ್ಧತಿಯನ್ನು ಸುತ್ತೋಲೆಯಾಗಿ ಹೊರಡಿಸಿಕೊಳ್ಳಿ. ನಮ್ಮ ಅಧಿಕಾರಿ ವರ್ಗವಾಗುವ ಹಿಂದಿನ ವಾರ ಹಾಗೆ ಮಾಡಿದರು. ಸುತ್ತೋಲೆಯ ಮೊದಲ ಸಾಲಿನಲ್ಲೇ ಆ ಅರ್ಧ ಪುಟದ ಟಿಪ್ಪಣಿಯ ಉಲ್ಲೇಖವಿದೆ, ಬರೆದವರ ಹೆಸರಿನೊಂದಿಗೆ.