ಹನ್ನೆರಡು ಲಕ್ಷದ ಕಾರಿನಲ್ಲಿ ಮಗುವಿನ ಜಾಗ

ಹೆರಿಗೆಯಾದ ಮೂರು-ನಾಲ್ಕು ತಿಂಗಳಿಗೆ ಆಪ್ತಸಲಹೆಗೆ ಬರುವ ದಂಪತಿಗಳಲ್ಲಿ ಕಾರಿನ ಜಗಳ ಹೊತ್ತು ತರುವವರು ಹೆಚ್ಚುತ್ತಿದ್ದಾರೆ. "ಮಗು ಬಂತು, ದೊಡ್ಡ ಕಾರು ಬೇಕು" ಎಂದು ಒಬ್ಬರು. "ಈಗ್ಯಾಕೆ ಸಾಲ" ಎಂದು ಇನ್ನೊಬ್ಬರು. ಮಾತು ಕಾರಿನಿಂದ ಶುರುವಾಗಿ ಅತ್ತೆ, ಮಾವ, ಸಂಬಳ, ತವರು ಎಲ್ಲವನ್ನೂ ಸುತ್ತಿ ಬರುತ್ತದೆ. ಅಂಥ ಒಂದು ಪ್ರಕರಣವನ್ನು ಗುರುತು ಸಿಗದಂತೆ ವಿವರ ಬದಲಿಸಿ ಇಲ್ಲಿ ಕೊಟ್ಟಿದ್ದೇನೆ. ಇದರಲ್ಲಿ ಕೊಟ್ಟ ಸಲಹೆ ಸಲಹೆಗಾರರ ವ್ಯಾಪ್ತಿ ಮೀರಿತು ಎಂಬ ಆಕ್ಷೇಪ ಬಂದಿದೆ. ಅದಕ್ಕೂ ಇಲ್ಲೇ ಉತ್ತರವಿದೆ.

ಗಂಡ-ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು. ಆಕೆ ಬಾಣಂತನಕ್ಕೆ ಹಾಸನದ ಕಡೆಯ ತವರಿನಲ್ಲಿದ್ದರು; ಮಗುವಿಗೆ ಹದಿಮೂರು ವಾರ, ತೂಕ ಐದೂವರೆ ಕಿಲೊ. ಮನೆಯಲ್ಲಿ 2018ರ ಸ್ವಿಫ್ಟ್ ಇತ್ತು. ಅದನ್ನು ಮಾರಿ, ಶೋರೂಂ ಬೆಲೆಯೇ 12 ಲಕ್ಷವಿರುವ ನೆಕ್ಸಾನ್ ತರಬೇಕು, ಹೆಂಡತಿ-ಮಗುವನ್ನು ಅದರಲ್ಲೇ ಮನೆಗೆ ಕರೆತರಬೇಕು ಎಂಬುದು ಗಂಡನ ಹಟ. ಆಕೆಯ 26 ವಾರಗಳ ಹೆರಿಗೆ ರಜೆ ಮುಗಿದ ಮೇಲೆ ಮೂರು ತಿಂಗಳು ಸಂಬಳವಿಲ್ಲದ ರಜೆ ಹಾಕುವುದೆಂದು ಮೊದಲೇ ತೀರ್ಮಾನವಾಗಿತ್ತು. ಬಾಣಂತಿಯ ಸಿಡುಕೆಲ್ಲ ಖಿನ್ನತೆಯಲ್ಲ, ಆದರೆ ಕೇಳದೆ ಬಿಡುವುದೂ ತಪ್ಪು. ಹಾಗಾಗಿ ಬಾಣಂತಿಯರ ಖಿನ್ನತೆ ಗುರುತಿಸುವ ಎಡಿನ್‌ಬರೊ ಮಾಪಕದ ಹತ್ತು ಪ್ರಶ್ನೆಗಳನ್ನು ಮೊದಲ ಭೇಟಿಯಲ್ಲೇ ಕೇಳಲಾಯಿತು. ಆಕೆಯ ಅಂಕ ಕಡಿಮೆಯಿತ್ತು, ಸ್ವಹಾನಿಯ ಬಗೆಗಿನ ಹತ್ತನೇ ಪ್ರಶ್ನೆಗೆ ಉತ್ತರ "ಎಂದೂ ಇಲ್ಲ". ಅಲ್ಲಿಗೆ ಕಾರಿನ ಮಾತನ್ನು ಕಾರಿನ ಮಾತಾಗಿಯೇ ಕೇಳಬಹುದು ಎಂದಾಯಿತು.

ಎರಡನೇ ಭೇಟಿಯ ಕೊನೆಗೆ ಇಬ್ಬರಿಗೂ ಒಂದೊಂದು ಕೆಲಸ ಕೊಟ್ಟೆ. ಆಕೆಗೆ: ಮುಂದಿನ ಒಂದು ವರ್ಷದಲ್ಲಿ ತಿಂಗಳು ತಿಂಗಳು ಕೈಗೆ ಬರುವ ಹಣದ ಪಟ್ಟಿ. ಅವರಿಗೆ: ಆ ಒಂದು ವರ್ಷದಲ್ಲಿ ಮಗುವಿನೊಂದಿಗೆ ಮಾಡಬೇಕಾದ ಪ್ರಯಾಣಗಳ ಪಟ್ಟಿ. ಎಲ್ಲಿಗೆ, ಎಷ್ಟು ಕಿಲೋಮೀಟರ್, ಕಾರಿನಲ್ಲಿ ಯಾರು ಎಲ್ಲಿ ಕೂರುತ್ತಾರೆ. ಜೊತೆಗೆ ಈಗಿನ ಕಾರಿನ ಹಿಂದಿನ ಸೀಟಿನ ಅಗಲ, ಡಿಕ್ಕಿಯ ಅಗಲ-ಆಳ-ಎತ್ತರ ಟೇಪು ಹಿಡಿದು ಅಳೆದು ತರುವುದು.

ಮೂರನೇ ಭೇಟಿಗೆ ಅವರು ಅಚ್ಚುಕಟ್ಟಾದ ಪಟ್ಟಿ ತಂದರು. 14ನೇ ವಾರದ ಲಸಿಕೆಗೆ, ಆಮೇಲೆ ಒಂಬತ್ತನೇ ತಿಂಗಳಿನ ಲಸಿಕೆಗೆ ನಾಲ್ಕು ಕಿಲೋಮೀಟರ್ ದೂರದ ಕ್ಲಿನಿಕ್. ತವರಿಗೆ ನಾಲ್ಕು ಸಲ, ಒಂದು ದಾರಿಗೆ 185 ಕಿಲೋಮೀಟರ್. ಕುಲದೇವರಿಗೆ ಒಂದು ಸಲ, ಒಂದು ಮದುವೆ. ಇಡೀ ವರ್ಷದಲ್ಲಿ ನಾಲ್ಕು ಜನ ದೊಡ್ಡವರು ಒಟ್ಟಿಗೆ ಕೂರುವ ಪ್ರಯಾಣ ಎರಡೇ. ಕೊನೆಯ ಕಾಲಂ ಓದುತ್ತಾ ಹೋದೆ. ಮುಂದೆ ಬಲಕ್ಕೆ: ನಾನು. ಮುಂದೆ ಎಡಕ್ಕೆ: ಅಪ್ಪ. ಹಿಂದೆ: ಅಮ್ಮ, ಅವಳು. ಮಗು: ಅವಳ ತೊಡೆ ಮೇಲೆ. ಕೆಳಗಿನ ಸಾಲಿನಲ್ಲೂ ತೊಡೆ ಮೇಲೆ. ಎಂಟು ಸಾಲಿನಲ್ಲೂ ಅದೇ.

"ಈ ಎಂಟರಲ್ಲಿ ಹೊಸ ಕಾರಿನ ಪ್ರಯಾಣ ಯಾವುದು, ಹಳೆ ಕಾರಿನದು ಯಾವುದು?" ಎಂದು ಕೇಳಿದೆ.

"ಎಲ್ಲಾ ಹೊಸ ಕಾರಲ್ಲೇ" ಎಂದರು.

"ಹಾಗಾದ್ರೆ ಐದು ಸೀಟಿನ ಕಾರು ತಗೊಂಡು ಮಗೂಗೆ ಒಂದೂ ಸೀಟು ಕೊಟ್ಟಿಲ್ವಲ್ಲ?"

ಅವರು ಪಟ್ಟಿ ವಾಪಸು ತೆಗೆದುಕೊಂಡು ತಾವೇ ಓದಿಕೊಂಡರು. ಬಹಳ ಹೊತ್ತಿನ ಮೇಲೆ, ಪಟ್ಟಿಗೆ ಸಂಬಂಧವೇ ಇಲ್ಲವೆಂಬಂತೆ, ಹೇಳಿದ್ದು ಇದು: "ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ದಿನ ಗೇಟ್ ಹತ್ರ ನನ್ನ ಕಾರು ತಂದು ನಿಲ್ಸಿದ್ದೆ. ಮಾವ 'ಆ ಡಬ್ಬದಲ್ಲಿ ಬೇಡ, ಬಾಣಂತಿಗೆ ಕುಲುಕತ್ತೆ' ಅಂತ ಅವರ ಏಳು ಸೀಟಿನ ಗಾಡೀಲಿ ಕೂರಿಸ್ಕೊಂಡು ಹೋದ್ರು. ನಾನು ಬ್ಯಾಗು, ಫ್ಲಾಸ್ಕು ಹಾಕ್ಕೊಂಡು ಹಿಂದೆ ಹೋದೆ."

ಹೆಂಡತಿ ಹೇಳಿದರು: "ನೀವು ಯಾಕೆ ಹಿಂದೆ ಬರ್ತಿದೀರ ಅಂತ ನಾನು ಅಂದ್ಕೊಂಡೆ. ಕೇಳೋಕೆ ಆಗ್ಲಿಲ್ಲ, ಹೊಲಿಗೆ ನೋಯ್ತಿತ್ತು."

ಇಂಥ ಮಾತು ಬಂದಾಗ ಸಲಹೆಗಾರರು ಕಾರನ್ನು ಪಕ್ಕಕ್ಕೆ ಸರಿಸಿ ನೋವಿನ ಹಿಂದೆ ಹೋಗುವುದು ವಾಡಿಕೆ. ನಾನು ಹಾಗೆ ಮಾಡಲಿಲ್ಲ, ಆಕ್ಷೇಪ ಬಂದದ್ದೂ ಅಲ್ಲಿಗೇ. ಮಾವನ ಮಾತಿನ ಗಾಯಕ್ಕೆ ಸಮಯವಿದೆ, ನಂತರದ ಎರಡು ಭೇಟಿ ಅದಕ್ಕೇ ಹೋಯಿತು. ಆದರೆ ಮಗು ಮುಂದಿನ ಶನಿವಾರ 185 ಕಿಲೋಮೀಟರ್ ಪ್ರಯಾಣ ಮಾಡುವುದರಲ್ಲಿತ್ತು, ತೊಡೆಯ ಮೇಲೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಏನಕ್ಕೋ ಗುದ್ದಿ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದಲ್ಲಿ ನಿಂತರೆ ಒಳಗಿರುವುದೆಲ್ಲ ತನ್ನ ತೂಕದ 28 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಐದೂವರೆ ಕಿಲೊ ಮಗು ಆ ಕ್ಷಣ 154 ಕಿಲೊ. ಯಾವ ತಾಯಿಯ ತೋಳೂ ಅದನ್ನು ಹಿಡಿಯಲಾರದು. ತಾಯಿಯೂ ಬೆಲ್ಟ್ ಹಾಕಿರದಿದ್ದರೆ ಅವಳ ಭಾರವೂ ಮಗುವಿನ ಮೇಲೆಯೇ. ಇದು ಗೊತ್ತಿದ್ದೂ "ನಿಮಗೆ ಆಗ ಹೇಗನ್ನಿಸಿತು" ಎಂದು ಕೇಳುತ್ತ ಕೂರುವುದನ್ನು ನಾನು ಆಪ್ತಸಲಹೆ ಎಂದು ಕರೆಯುವುದಿಲ್ಲ.

ಆದ್ದರಿಂದ ಸಲಹೆ ನೇರವಾಗಿತ್ತು: ಈ ವಾರ ಮಗುವಿನ ಸೀಟು ಕೊಳ್ಳಿ. ಅದನ್ನು ಈಗಿನ ಕಾರಿಗೆ ಕಟ್ಟಿ. ಅದರಲ್ಲೇ ನೀವೇ ಹೋಗಿ ಕರೆದುಕೊಂಡು ಬನ್ನಿ. ಕಾರಿನ ತೀರ್ಮಾನ ಒಂಬತ್ತು ತಿಂಗಳ ಲಸಿಕೆಯ ತನಕ ಬೇಡ.

ಅವರೂ ಸುಮ್ಮನೆ ಒಪ್ಪಿದವರಲ್ಲ. ಅವರ ಗಟ್ಟಿಯಾದ ವಾದ ಸುರಕ್ಷತೆಯದು, ಅದರಲ್ಲಿ ಹುರುಳಿದೆ. 2018ರಲ್ಲಿ, ಕಾರು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಭಾರತದ ಸ್ವಿಫ್ಟ್‌ಗೆ ಸಿಕ್ಕಿದ್ದು ಐದರಲ್ಲಿ 2 ಸ್ಟಾರ್. 2024ರಲ್ಲಿ ನೆಕ್ಸಾನ್‌ಗೆ ದೊಡ್ಡವರ ಹಾಗೂ ಮಕ್ಕಳ ವಿಭಾಗ ಎರಡರಲ್ಲೂ 5. ಕಾರು ಬದಲಿಸಲು ಇದು ಸರಿಯಾದ ಕಾರಣ, "ಜಾಗ ಸಾಲದು" ಎಂಬುದಕ್ಕಿಂತ ಎಷ್ಟೋ ಮೇಲು. ಆದರೆ ಮಕ್ಕಳ ವಿಭಾಗದ ಸ್ಟಾರ್‌ಗಳು ಬರುವುದು ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳ ಗಾತ್ರದ ಗೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಕೂರಿಸಿ, ಕಟ್ಟಿ ಗುದ್ದಿಸಿದಾಗ. ತೊಡೆಯ ಮೇಲಿನ ಮಗುವಿಗೆ ಆ ಐದು ಸ್ಟಾರ್ ಲೆಕ್ಕಕ್ಕೇ ಬರುವುದಿಲ್ಲ. ಸೀಟಿಲ್ಲದ ಹೊಸ ಕಾರಿಗಿಂತ ಸೀಟಿರುವ ಹಳೆ ಕಾರು ಆ ಮಗುವಿಗೆ ವಾಸಿ.

ಜಾಗದ ಮಾತು ಟೇಪಿನಲ್ಲೇ ಇತ್ಯರ್ಥವಾಯಿತು. ಸ್ವಿಫ್ಟ್ ಅಗಲ 1735 ಮಿಲಿಮೀಟರ್, ನೆಕ್ಸಾನ್ 1804: ಹೊರಗಿನಿಂದ ಅಳೆದರೂ ಏಳು ಸೆಂಟಿಮೀಟರ್. ಚಕ್ರದಿಂದ ಚಕ್ರಕ್ಕೆ ಉದ್ದ 2450 ಮತ್ತು 2498: ಐದು ಸೆಂಟಿಮೀಟರಿಗೂ ಕಡಿಮೆ. ನಾಲ್ಕು ಮೀಟರಿನೊಳಗಿದ್ದರೆ ತೆರಿಗೆ ಕಡಿಮೆ ಎಂಬ ಕಾರಣಕ್ಕೆ ನಮ್ಮ ಸಣ್ಣ ಎಸ್‌ಯುವಿಗಳೆಲ್ಲ 3995 ಮಿಲಿಮೀಟರಿನ ಆಸುಪಾಸಿಗೆ ನಿಲ್ಲುತ್ತವೆ. ಹೊರಗಿನ ಗತ್ತು ಒಳಗೆ ಅಷ್ಟೇನೂ ಬರುವುದಿಲ್ಲ. ಡಿಕ್ಕಿ ಮಾತ್ರ ನಿಜವಾಗಿ ದೊಡ್ಡದು, 268 ಲೀಟರಿಗೆ ಪ್ರತಿಯಾಗಿ 382. ಮೂರು ಮಡಿಕೆಯ, ಮಡಚಿದಾಗ 55×45×25 ಸೆಂ.ಮೀ. ಆಗುವ ತಳ್ಳುಗಾಡಿ ಕೊಂಡರೆ 268ರಲ್ಲಿ ಅದೂ ಒಂದು ಸೂಟ್‌ಕೇಸೂ ಹಿಡಿಯುತ್ತದೆ. ಶೋರೂಮಿನಲ್ಲಿ ಕಣ್ಣಿಗೆ ಕಂಡ ದೊಡ್ಡ ತಳ್ಳುಗಾಡಿ ಕೊಂಡು, ಅದು ಹಿಡಿಯಲಿಲ್ಲವೆಂದು ಕಾರು ಬದಲಿಸಲು ಹೊರಟವರೂ ಬಂದಿದ್ದಾರೆ! ಏಳು ಸೀಟಿನ ಆಸೆಯಿರುವವರಿಗೂ ಒಂದು ಮಾತು: ಎರ್ಟಿಗಾದ ಮೂರೂ ಸಾಲಿನಲ್ಲಿ ಜನ ಕೂತರೆ ಡಿಕ್ಕಿಗೆ ಉಳಿಯುವುದು 209 ಲೀಟರ್, ಈ ಸ್ವಿಫ್ಟ್‌ಗಿಂತಲೂ ಕಡಿಮೆ.

ಎತ್ತರದ ಕಾರಿಗೆ ಒಂದು ಅನುಕೂಲವಿದೆ, ಅದನ್ನು ಮುಚ್ಚಿಡಲಾರೆ. ಸಿಸೇರಿಯನ್ ಆದವರಿಗೆ ತಗ್ಗಿನ ಕಾರಿನೊಳಗೆ ಬಗ್ಗಿ ಮಗುವನ್ನು ಕೂರಿಸುವುದು ಕಷ್ಟ. ಆದರೆ ಆ ಕಷ್ಟ ಕೆಲವು ತಿಂಗಳದ್ದು. ಆ ಕೆಲಸ ಅಪ್ಪನೂ ಮಾಡಬಹುದು.

ಹಣದ ಲೆಕ್ಕ ಆಕೆಯೇ ಹಾಕಿ ತಂದಿದ್ದರು. 10ರಿಂದ 20 ಲಕ್ಷದ ಕಾರಿಗೆ ಕರ್ನಾಟಕದ ಆಜೀವ ತೆರಿಗೆ ಶೇ 17, ಅದರ ಮೇಲೆ ಶೇ 11 ಸೆಸ್. 12 ಲಕ್ಷಕ್ಕೆ ಇದೊಂದೇ 2.26 ಲಕ್ಷ. ಹಳೆ ಕಾರು ಮಾರಿದ ಹಣ ಹಾಕಿಯೂ 9 ಲಕ್ಷ ಸಾಲ, ಶೇ 9 ಬಡ್ಡಿ, ಏಳು ವರ್ಷ: ಕಂತು 14,480 ರೂಪಾಯಿ, ಒಟ್ಟು ಬಡ್ಡಿ 3.16 ಲಕ್ಷ. ಕಂತು ಶುರುವಾಗಿ ಮೂರು ತಿಂಗಳೊಳಗೇ ಒಂದು ಸಂಬಳ ನಿಲ್ಲುತ್ತದೆ. ನಾಲ್ಕು ಜನ ದೊಡ್ಡವರು ಹೋಗುವ ಆ ಎರಡು ಪ್ರಯಾಣಕ್ಕೆ ದೊಡ್ಡ ಗಾಡಿಯನ್ನು ಕಿಲೋಮೀಟರಿಗೆ 20 ರೂಪಾಯಿಯಂತೆ ಬಾಡಿಗೆಗೆ ಹಿಡಿದರೂ ಹೋಗಿ ಬರುವ 370 ಕಿಲೋಮೀಟರಿಗೆ ಸಲಕ್ಕೆ 7,400, ಜೊತೆಗೆ ಚಾಲಕನ ಭತ್ಯೆ. ಮಗುವಿನ ಮೊದಲ ವರ್ಷ ಹೊಸ ಕಂತು ತಲೆಗೆ ಕಟ್ಟಿಕೊಳ್ಳಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ರಾತ್ರಿ ಮೂರಕ್ಕೆ ಎದ್ದವರ ನಡುವೆ ಹಣದ ಜಗಳ ಬಹಳ ಬೇಗ ಹೊತ್ತಿಕೊಳ್ಳುತ್ತದೆ.

ಇನ್ನು ಸೀಟು. ಜನ ಎಡವುವುದು ಇಲ್ಲಿಯೇ.

ಕೊಳ್ಳುವಾಗ ಆರ್44 ಅಥವಾ ಆರ್129 (ಮಕ್ಕಳ ಸೀಟಿನ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮಗಳು) ಪ್ರಮಾಣಪತ್ರದ ಚೀಟಿ, ಅದರಲ್ಲಿ ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಸಂಖ್ಯೆ ಇದೆಯೇ ನೋಡಿ. ಚೀಟಿ ಇಲ್ಲದ್ದು ಬರೀ ಗಾದಿ ಹಾಕಿದ ಬುಟ್ಟಿ. ಬಳಸಿದ ಸೀಟು ಯಾರಾದರೂ ಕೊಟ್ಟರೆ, ಅದು ಅಪಘಾತ ಕಂಡಿಲ್ಲವೆಂದು ಖಚಿತವಿದ್ದರಷ್ಟೇ ತೆಗೆದುಕೊಳ್ಳಿ. ತಳದಲ್ಲಿ ಅಚ್ಚೊತ್ತಿದ ತಯಾರಿಕೆಯ ದಿನಾಂಕವನ್ನೂ ಓದಿ. ಎಳೆಗೂಸು ಕಾರಿನ ಹಿಂಬದಿಗೆ ಮುಖ ಮಾಡಿಯೇ ಕೂರಬೇಕು. ಆರ್129 ಪ್ರಕಾರ ಕನಿಷ್ಠ 15 ತಿಂಗಳ ತನಕ ಹೀಗೆಯೇ. ಅಂಥ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದೆಂದಿಗೂ ಇಡಕೂಡದು. ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಬಂದು ಬಡಿಯುವುದು ಮಗುವಿನ ತಲೆಯ ಹಿಂದಿರುವ ಸೀಟಿನ ಬೆನ್ನಿಗೆ.

ಈ ಕಾರಿನಲ್ಲಿ ಮಕ್ಕಳ ಸೀಟನ್ನು ಬೆಲ್ಟ್ ಇಲ್ಲದೆ ನೇರವಾಗಿ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳಿದ್ದವು, ಹಿಂದಿನ ಸೀಟಿನ ಎರಡು ಅಂಚಿನಲ್ಲಿ. ಸೀಟನ್ನು ಎಡಬದಿಗೆ, ಮುಂದಿನ ಪ್ರಯಾಣಿಕರ ಹಿಂದೆ ಹಾಕಲು ಹೇಳಿದೆ: ಚಾಲಕನ ಸೀಟು ಮುಂದೆ ತಳ್ಳಬೇಕಾಗದು, ಇಳಿಸುವಾಗ ವಾಹನ ಓಡಾಡದ ರಸ್ತೆಯಂಚಿಗೇ ಇಳಿಸಬಹುದು. ಅವರ ಅಳತೆಯಲ್ಲಿ ಹಿಂದಿನ ಸೀಟು 124 ಸೆಂ.ಮೀ., ಮಗುವಿನ ಸೀಟು 44. ಉಳಿದ 80ರಲ್ಲಿ ಒಬ್ಬರು ಆರಾಮವಾಗಿ, ಇಬ್ಬರು ಹಿಂಡಿಕೊಂಡು. ಮುಂದಿನ ಎಡಸೀಟು ಒಂದು ಗೇಣು ಮುಂದೆ ಸರಿಯುತ್ತದೆ, ಅಲ್ಲಿಗೆ ಉದ್ದ ಕಾಲಿನ ಅಜ್ಜನ ಬದಲು ಗಿಡ್ಡನೆಯ ಅಜ್ಜಿ. ಜಾಗ ಸಾಲದು ಎಂಬ ಕೂಗಿನ ಮುಕ್ಕಾಲು ಪಾಲು ಯಾರು ಎಲ್ಲಿ ಕೂರಬೇಕೆಂಬ ಮರ್ಯಾದೆಯ ಪ್ರಶ್ನೆ.

ಕಟ್ಟಿದ ಮೇಲೆ ಸೀಟನ್ನು ಬುಡದಲ್ಲಿ ಹಿಡಿದು ಅಲುಗಾಡಿಸಿ. ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಕದಲಬಾರದು. ಮಗುವಿನ ಭುಜದ ಪಟ್ಟಿ ಭುಜದ ಮಟ್ಟದಿಂದ ಅಥವಾ ಸ್ವಲ್ಪ ಕೆಳಗಿನಿಂದ ಬರಬೇಕು. ಪಟ್ಟಿಯನ್ನು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ಅಜ್ಜಿಯರು ಶಾಲು ಸುತ್ತಿ ಮೇಲೆ ಪಟ್ಟಿ ಹಾಕುತ್ತಾರೆ. ಗುದ್ದಿದಾಗ ಶಾಲು ಚಪ್ಪಟೆಯಾಗಿ ಪಟ್ಟಿ ಸಡಿಲವಾಗುತ್ತದೆ. ಮೊದಲು ಪಟ್ಟಿ, ಅದರ ಮೇಲೆ ಶಾಲು. ಸೀಟಿನ ಒರಗು ಸುಮಾರು 45 ಡಿಗ್ರಿ ಇರಲಿ. ನೆಟ್ಟಗಾದರೆ ಕತ್ತು ಮುಂದೆ ಬಾಗಿ ಉಸಿರಿಗೆ ಅಡ್ಡಿ. ಎರಡು ಗಂಟೆಗೆ ಮೀರಿ ಒಂದೇ ಸಮ ಕೂರಿಸಬೇಡಿ: ಅವರ ದಾರಿಯಲ್ಲಿ ಚನ್ನರಾಯಪಟ್ಟಣದಲ್ಲೊಮ್ಮೆ, ಕುಣಿಗಲ್‌ನಲ್ಲೊಮ್ಮೆ ನಿಲ್ಲಿಸಿ, ಎತ್ತಿಕೊಂಡು, ಹಾಲು ಕುಡಿಸಿ ಹೊರಡುವುದು. ಮಗು ಅತ್ತಾಗ ಓಡುವ ಕಾರಿನಲ್ಲೇ ಬಿಚ್ಚಿ ತೊಡೆಗೆ ತೆಗೆದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ನಿಲ್ಲಿಸಿ ಬಿಚ್ಚಿ. ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ 14 ವರ್ಷದೊಳಗಿನವರನ್ನು ಕರೆದೊಯ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 1,000 ರೂಪಾಯಿ ದಂಡವಿದೆ. ದಂಡದ ಭಯಕ್ಕೆ ಸೀಟು ಕೊಂಡವರನ್ನು ನಾನು ನೋಡಿಲ್ಲ, ಆ ಮಾತು ಬೇರೆ.

ದೊಡ್ಡ ಕಾರೇ ಬೇಕಾಗುವ ಸಂಸಾರಗಳೂ ಇವೆ. ಅವಳಿ ಮಕ್ಕಳು. ಎರಡು ಸೀಟುಗಳ ನಡುವೆ ಒಬ್ಬ ದೊಡ್ಡವರು ವಾರ ವಾರ ಕೂರಲೇಬೇಕಾದ ಮನೆ. ಜೊತೆಯಲ್ಲಿರುವ ಅಜ್ಜನ ಗಾಲಿಕುರ್ಚಿ. ಆರಡಿ ದಾಟಿದ ಚಾಲಕ. ಏರ್‌ಬ್ಯಾಗೇ ಇಲ್ಲದ, ಹಿಂದೆ ಸೊಂಟದ ಬೆಲ್ಟ್ ಮಾತ್ರವಿರುವ ಹಳೆಯ ಕಾರಿದ್ದರೆ ಬದಲಿಸಿ, ಆದರೆ ಗಾತ್ರ ನೋಡಿ ಅಲ್ಲ. ಇವರಿಗೂ ಸೀಟು ಮೊದಲು ಕೊಂಡು, ಟೆಸ್ಟ್ ಡ್ರೈವಿಗೆ ಅದನ್ನೇ ಹೊತ್ತುಕೊಂಡು ಹೋಗಿ ಶೋರೂಮಿನ ಕಾರಿಗೆ ಕಟ್ಟಿ ನೋಡಿ ಎನ್ನುತ್ತೇನೆ. ಮಾರಾಟದವರ ಮುಖ ಸಣ್ಣಗಾದರೆ ಆಗಲಿ.

ಆ ಶನಿವಾರ ಮಗು ಹಾಸನದಿಂದ ಹೊರಟು ಚನ್ನರಾಯಪಟ್ಟಣದ ತನಕ ಅತ್ತು ಆಮೇಲೆ ಮಲಗಿತಂತೆ. ಕಾರಿನ ವಾದ ಪೂರ್ತಿ ಮುಗಿದಿಲ್ಲ. ಅವರು ನೆಕ್ಸಾನ್ ಕೈಬಿಟ್ಟಿಲ್ಲ, ಆಕೆ ಪಟ್ಟಿ ಕೈಬಿಟ್ಟಿಲ್ಲ. ಕಳೆದ ವಾರ ಫೋನು ಬಂದದ್ದು ಬೇರೆ ವಿಷಯಕ್ಕೆ: ಮಾವ ತಮ್ಮ ಗಾಡಿಗೂ ಒಂದು ಸೀಟು ಹಾಕಿಸಬೇಕೆಂದಿದ್ದಾರೆ, ಅದರಲ್ಲಿ ಐಸೋಫಿಕ್ಸ್ ಇಲ್ಲ, ಆಗುತ್ತದೆಯೇ ಎಂದು. ಭುಜ, ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟ್ ಇದ್ದರೆ ಆಗುತ್ತದೆ, ಆದರೆ ಹಿಮ್ಮುಖ ಸೀಟನ್ನು ಸುತ್ತಿ ಬರಲು ಹಳೆ ಗಾಡಿಗಳ ಬೆಲ್ಟ್ ಉದ್ದ ಒಮ್ಮೊಮ್ಮೆ ಸಾಲುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಸೀಟನ್ನೇ ಒಯ್ದು ಕಟ್ಟಿ ನೋಡಿ ಎಂದೆ. ಅಳಿಯ ಈ ಭಾನುವಾರ ಟೇಪು ಹಿಡಿದು ಮಾವನ ಮನೆಗೆ ಹೋಗುತ್ತಿದ್ದಾರೆ.