ಏಳು ದಿನದ ಇಲಿಮರಿಯೂ ಏಳು ತಿಂಗಳಿಗೆ ಹುಟ್ಟಿದ ಮಗುವೂ

ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಲ್ಲಿ ಆಮ್ಲಜನಕದ ಕೊರತೆಯಿಂದ ಆಗುವ ಮಿದುಳಿನ ಹಾನಿ, ಅದನ್ನು ಪ್ರಾಣಿಗಳಲ್ಲಿ ಅಧ್ಯಯನ ಮಾಡುವ ಬಗೆ: ಈ ಕುರಿತು ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರ.

ಪ್ರಶ್ನೆ: ಹುಟ್ಟಿ ಒಂದು ವಾರವಾದ ಇಲಿಮರಿ, ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಸಮ ಎನ್ನುತ್ತಾರೆ. ಅದು ಹೇಗೆ?

ಇಲಿಯ ಗರ್ಭ ಸುಮಾರು 22 ದಿನದ್ದು. ಮರಿ ಹುಟ್ಟುವಾಗ ಕಣ್ಣು ಬಿಟ್ಟಿರುವುದಿಲ್ಲ, ಮೈಮೇಲೆ ಕೂದಲಿರುವುದಿಲ್ಲ, ಮಿದುಳಂತೂ ಇನ್ನೂ ಹಸಿ. ನಮ್ಮಲ್ಲಿ ಗರ್ಭದೊಳಗೇ ನಡೆಯುವ ಬೆಳವಣಿಗೆಯಲ್ಲಿ ಬಹಳಷ್ಟು ಅದಕ್ಕೆ ಹುಟ್ಟಿದ ಮೇಲೆ ನಡೆಯುತ್ತದೆ. ಹಾಗಾಗಿ ಹೋಲಿಸುವಾಗ ದಿನಗಳನ್ನು ಎಣಿಸಿ ಪ್ರಯೋಜನವಿಲ್ಲ, ಮಿದುಳಿನಲ್ಲಿ ಆಗ ಯಾವ ಜೀವಕೋಶಗಳು ಇವೆ ಎಂದು ನೋಡಬೇಕು.

ಮನುಷ್ಯರಲ್ಲಿ ಗರ್ಭದ 23ರಿಂದ 32ನೇ ವಾರದವರೆಗೆ ಮಿದುಳಿನ ಬಿಳಿ ಭಾಗದಲ್ಲಿ ಹೆಚ್ಚಾಗಿರುವುದು ಪ್ರಿ-ಆಲಿಗೋಡೆಂಡ್ರೋಸೈಟ್‌ಗಳು. ಮುಂದೆ ನರತಂತುಗಳಿಗೆ ಮಯಲಿನ್ ಹೊದಿಕೆ ಹಾಕಬೇಕಾದ ಕೋಶಗಳು ಇವು. ಆಮ್ಲಜನಕ ಕಡಿಮೆಯಾದರೆ ಮೊದಲು ಸಾಯುವುದೂ ಇವೇ. ಇಲಿಯಲ್ಲಿ ಈ ಹಂತ ಸುಮಾರು 2ರಿಂದ 5ನೇ ದಿನದವರೆಗೆ. 7ನೇ ದಿನಕ್ಕೆ ಬರುವಷ್ಟರಲ್ಲಿ ಬಹಳಷ್ಟು ಕೋಶಗಳು ಮುಂದಿನ ಹಂತಕ್ಕೆ ದಾಟಿರುತ್ತವೆ. ಆಗ ಪೆಟ್ಟು ಮಿದುಳಿನ ತೊಗಟೆ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್, ಚಲನೆಗೆ ಬೇಕಾದ ಸ್ಟ್ರಯೇಟಮ್‌ಗಳ ಮೇಲೆ ಬೀಳುತ್ತದೆ. ಏಳು ದಿನದ ಮರಿಯನ್ನು ಸಾಮಾನ್ಯವಾಗಿ 32–36 ವಾರದ ಮಗುವಿಗೂ ಹತ್ತು ದಿನದ ಮರಿಯನ್ನು ತುಂಬು ತಿಂಗಳ ಮಗುವಿಗೂ ಹೋಲಿಸುತ್ತಾರೆ. 26 ವಾರಕ್ಕೆ ಹುಟ್ಟಿದ ಮಗುವಿನ ಬಗ್ಗೆ ಬರೆದ ಲೇಖನ ಏಳು ದಿನದ ಮರಿಯನ್ನು ಬಳಸಿದ್ದರೆ ಅಲ್ಲೇ ಒಂದು ಗುರುತು ಹಾಕಿಕೊಳ್ಳಿ. ಇಂಥವು ಕಡಿಮೆಯೇನಿಲ್ಲ.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿ. ಒಂದೇ ದಿನ, ಒಂದೇ ರೀತಿ ಮಾಡಿದ ಮರಿಗಳಲ್ಲಿ ಕೆಲವಕ್ಕೆ ಅರ್ಧ ಮಿದುಳೇ ಕರಗಿದೆ, ಕೆಲವಕ್ಕೆ ಏನೂ ಆಗಿಲ್ಲ. ಎಲ್ಲಿ ತಪ್ಪುತ್ತಿದೆ?

ನೀವು ಮಾಡುತ್ತಿರುವುದು ರೈಸ್, ವನೂಚಿ, ಬ್ರಯರ್ಲಿ 1981ರಲ್ಲಿ ವಿವರಿಸಿದ ವಿಧಾನ ಎಂದುಕೊಳ್ಳುತ್ತೇವೆ. ಮರಿಯ ಕುತ್ತಿಗೆಯ ಒಂದು ಬದಿಯ ಕ್ಯಾರೋಟಿಡ್ ರಕ್ತನಾಳವನ್ನು ಕಟ್ಟಿ, ತಾಯಿಯ ಬಳಿ ಸುಧಾರಿಸಿಕೊಳ್ಳಲು ಬಿಟ್ಟು, ಆಮೇಲೆ 8% ಆಮ್ಲಜನಕ, ಉಳಿದದ್ದು ಸಾರಜನಕ ಇರುವ ಡಬ್ಬಿಯಲ್ಲಿ ಇಡುವುದು. ನಾಳ ಕಟ್ಟಿದ್ದರಿಂದ ಮಾತ್ರ ಹೆಚ್ಚೇನೂ ಆಗದು. ಮಿದುಳಿನ ತಳದ ರಕ್ತನಾಳಗಳ ವೃತ್ತ ಇನ್ನೊಂದು ಬದಿಯಿಂದ ರಕ್ತ ತಂದುಕೊಡುತ್ತದೆ. ಆಮ್ಲಜನಕ ಇಳಿದು, ಅದರ ಹಿಂದೆಯೇ ರಕ್ತದೊತ್ತಡವೂ ಇಳಿದಾಗ ಕಟ್ಟಿದ ಬದಿಗೆ ರಕ್ತ ಸಾಲದಾಗುತ್ತದೆ. ಎರಡೂ ಸೇರಿದರೇ ಹಾನಿ.

ಮೊದಲು ನೋಡಬೇಕಾದದ್ದು ಶಾಖ. ಈ ವಯಸ್ಸಿನ ಮರಿ ತನ್ನ ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳಲಾರದು. ಎರಡು ಮೂರು ಡಿಗ್ರಿ ತಣ್ಣಗಾದರೂ ಹಾನಿ ಎದ್ದುಕಾಣುವಷ್ಟು ತಗ್ಗುತ್ತದೆ. ಡಬ್ಬಿಯನ್ನು ಇಟ್ಟ ನೀರಿನ ತೊಟ್ಟಿ 37 ಡಿಗ್ರಿ ತೋರಿಸುತ್ತಿದೆ ಎಂದ ಮಾತ್ರಕ್ಕೆ ಮರಿ 37ರಲ್ಲಿದೆ ಎಂದಲ್ಲ. ಡಬ್ಬಿಯೊಳಗೆ ಮರಿಗಳು ಒಂದರ ಮೇಲೊಂದು ಗುಂಪುಗೂಡುತ್ತವೆ: ನಡುವಿನದು ಬೆಚ್ಚಗೆ, ಅಂಚಿನದು ತಣ್ಣಗೆ. ನಿಮ್ಮ ಫಲಿತಾಂಶದ ಅರ್ಧ ಗೊಂದಲ ಇಲ್ಲೇ ಇರಬಹುದು. ಲೆಕ್ಕಕ್ಕೆ ಸೇರದ ಒಂದು ಮರಿಗೆ ಗುದದ್ವಾರದಲ್ಲಿ ತೆಳು ತಾಪಮಾಪಕ ಇಟ್ಟು ಉದ್ದಕ್ಕೂ ದಾಖಲಿಸಿ. ಒಂದು ಡಬ್ಬಿಗೆ ಮೂರು ನಾಲ್ಕಕ್ಕಿಂತ ಹೆಚ್ಚು ಮರಿ ಹಾಕಬೇಡಿ. ಸಿಲಿಂಡರಿನಿಂದ ನೇರ ಬರುವ ಅನಿಲ ಒಣಗಿದ್ದು, ತಣ್ಣಗಿನದು. ಬೆಚ್ಚನೆ ನೀರಿನ ಮೂಲಕ ಹಾಯಿಸಿ ಒಳಗೆ ಬಿಡಿ. ಮುಚ್ಚಳ ಪದೇ ಪದೇ ತೆಗೆದರೆ ಆಮ್ಲಜನಕವೂ ಏರುತ್ತದೆ, ಶಾಖವೂ ಇಳಿಯುತ್ತದೆ.

ಎರಡನೆಯದು ಅರಿವಳಿಕೆ. ಐಸೋಫ್ಲುರೇನ್ ತಾನೇ ಮಿದುಳನ್ನು ಸ್ವಲ್ಪ ಕಾಪಾಡುತ್ತದೆ. ಒಂದು ಮರಿಗೆ ನಾಲ್ಕು ನಿಮಿಷ, ಕೈ ತಡವರಿಸಿದ್ದಕ್ಕೆ ಇನ್ನೊಂದಕ್ಕೆ ಹದಿನೈದು ನಿಮಿಷ ಆದರೆ ಅವೆರಡೂ ಒಂದೇ ಪ್ರಯೋಗದ ಮರಿಗಳಲ್ಲ. ಪ್ರತಿ ಮರಿಯ ನಿಮಿಷ ಬರೆದಿಡಿ. ಆಮೇಲೆ ತಾಯಿಯ ಬಳಿ ಬಿಡುವ ಅವಧಿಯೂ (ಒಂದರಿಂದ ಎರಡು ಗಂಟೆ) ಎಲ್ಲಕ್ಕೂ ಒಂದೇ ಇರಲಿ.

ನಾಳ ಕಟ್ಟುವಾಗ ಪಕ್ಕದ ವೇಗಸ್ ನರವನ್ನು ಮೊದಲು ಬಿಡಿಸಿಕೊಳ್ಳಬೇಕು. ಒಂದೇ ಗಂಟು ಜಾರುತ್ತದೆ. ಎರಡು ಕಡೆ ರೇಷ್ಮೆ ನೂಲಿನಿಂದ ಕಟ್ಟಿ ನಡುವೆ ಕತ್ತರಿಸುವುದು ಮೇಲು. ರಕ್ತ ಸೋರಿದ ಮರಿಯನ್ನು ಕೈಬಿಡಿ. ಹಾಗೆ ಬಿಡುವ ನಿಯಮವನ್ನು ಮಾತ್ರ ಮೊದಲೇ ಬರೆದಿಡಿ, ಫಲಿತಾಂಶ ನೋಡಿದ ಮೇಲಲ್ಲ.

ಡಬ್ಬಿಯಲ್ಲಿ ಇಡುವ ಅವಧಿಯನ್ನು ಇನ್ನೊಬ್ಬರ ಲೇಖನದಿಂದ ಎತ್ತಿಕೊಳ್ಳಬೇಡಿ. ತಳಿ ಬದಲಾದರೆ ತಾಳಿಕೆಯೂ ಬದಲಾಗುತ್ತದೆ. ಒಂದೇ ತಳಿಯ ಇಲಿಗಳನ್ನೂ ಬೇರೆ ಕಡೆಯಿಂದ ತರಿಸಿದರೆ ಲೆಕ್ಕ ತಪ್ಪುವುದುಂಟು. 90, 120, 150 ನಿಮಿಷಗಳಿಗೆ ಕೆಲವು ಮರಿಗಳನ್ನು ಇಟ್ಟು ನಿಮ್ಮ ಅಂಕಿಯನ್ನು ನೀವೇ ಕಂಡುಕೊಳ್ಳಿ. ಒಂದೇ ಸೂಲಿನ ಮರಿಗಳು ಒಂದನ್ನೊಂದು ಹೋಲುತ್ತವೆ. ಒಂದು ಸೂಲಿಗೆ ಪೂರ್ತಿ ಔಷಧ, ಇನ್ನೊಂದಕ್ಕೆ ಪೂರ್ತಿ ಉಪ್ಪುನೀರು ಕೊಟ್ಟರೆ ನೀವು ಅಳೆದದ್ದು ತಾಯಂದಿರ ವ್ಯತ್ಯಾಸವನ್ನು. ಪ್ರತಿ ಸೂಲಿನೊಳಗೇ ಹಂಚಿ. ಗಂಡು ಹೆಣ್ಣನ್ನು ಬೇರೆ ಬೇರೆ ಗುರುತಿಸಿ.

ಅಳತೆಗೂ ಒಂದು ಮಾತು. ಮೊದಲ ಎರಡು ಮೂರು ದಿನ ಮಿದುಳು ಊದಿರುತ್ತದೆ, ಆಗ ಗಾತ್ರ ಅಳೆದರೆ ಹಾನಿ ಮರೆಯಾಗುತ್ತದೆ. ಒಂದು ವಾರ ಬಿಟ್ಟು ಅಳೆಯಿರಿ: ಕಟ್ಟದ ಬದಿ 100, ಕಟ್ಟಿದ ಬದಿ 62 ಇದ್ದರೆ ನಷ್ಟ 38%. ಕಟ್ಟದ ಬದಿಯನ್ನು ಆರೋಗ್ಯವಂತ ಮಿದುಳು ಎಂದು ತಿಳಿಯಬೇಡಿ, ಅದೂ ಅಷ್ಟು ಹೊತ್ತು 8% ಆಮ್ಲಜನಕದಲ್ಲೇ ಇತ್ತು. ಕುತ್ತಿಗೆಯ ಚರ್ಮವನ್ನಷ್ಟೇ ಕೊಯ್ದು, ನಾಳ ಕಟ್ಟದೆ, ಡಬ್ಬಿಗೂ ಹಾಕದೆ ಬಿಟ್ಟ ಮರಿಗಳ ಗುಂಪು ಬೇಕೇ ಬೇಕು.

ಪ್ರಶ್ನೆ: ನಾಳ ಕಟ್ಟದೆ ಬರೀ ಆಮ್ಲಜನಕ ಕಡಿಮೆ ಮಾಡಿದರೆ ಸಾಲದೇ?

ಪ್ರಶ್ನೆ ಯಾವುದು ಎಂಬುದರ ಮೇಲೆ ಹೋಗುತ್ತದೆ. ಶ್ವಾಸಕೋಶ ಬಲಿಯದೆ ವಾರಗಟ್ಟಲೆ ಆಮ್ಲಜನಕ ಸಾಲದೆ ಇರುವ ಮಗುವಿನ ಬಗ್ಗೆಯಾದರೆ ಸಾಕು. ಮೂರನೇ ದಿನದಿಂದ ಹನ್ನೊಂದನೇ ದಿನದವರೆಗೆ ಚಿಟ್ಟಿಲಿ ಮರಿಗಳನ್ನು ತಾಯಿಯ ಸಮೇತ ಸುಮಾರು 10% ಆಮ್ಲಜನಕದಲ್ಲಿ ಇಡುವ ಕ್ರಮವಿದೆ. ಅಲ್ಲಿ ಮಿದುಳು ಕರಗಿ ಗುಳಿ ಬೀಳುವುದಿಲ್ಲ, ಮಯಲಿನ್ ತಡವಾಗುತ್ತದೆ. ತಾಯಿಯ ಹಾಲೂ ಕಡಿಮೆಯಾಗಿ ಮರಿ ಸೊರಗುವುದರಿಂದ, ಹಸಿವಿನ ಪರಿಣಾಮವನ್ನು ಆಮ್ಲಜನಕದ ಲೆಕ್ಕಕ್ಕೆ ಸೇರಿಸದಂತೆ ತೂಕವನ್ನು ದಿನವೂ ನೋಡಿ.

ಪ್ರಶ್ನೆ: ಇಲಿಯಲ್ಲಿ ಗೆದ್ದ ಔಷಧಗಳು ಮಕ್ಕಳಲ್ಲಿ ಸೋಲುವುದೇಕೆ? ಕುರಿಯನ್ನು ಬಳಸಿದರೆ ಉಪಯೋಗವೇ?

ಕೆಂಪು ರಕ್ತಕಣಗಳನ್ನು ಹೆಚ್ಚಿಸುವ ಹಾರ್ಮೋನು ಎರಿತ್ರೋಪೊಯೆಟಿನ್ ಒಳ್ಳೆಯ ಉದಾಹರಣೆ. ಇಲಿಮರಿಗಳಲ್ಲಿ ಮತ್ತೆ ಮತ್ತೆ ಫಲ ಕೊಟ್ಟಿತು. 28 ವಾರಕ್ಕೆ ಮೊದಲೇ ಹುಟ್ಟಿದ 941 ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪೆನಟ್ (PENUT) ಎಂಬ ಪ್ರಯೋಗದಲ್ಲಿ, ಎರಡು ವರ್ಷ ವಯಸ್ಸಿನ ಹೊತ್ತಿಗೆ ಸಾವು ಅಥವಾ ತೀವ್ರ ನ್ಯೂನತೆ ಔಷಧ ಪಡೆದವರಲ್ಲೂ ಪಡೆಯದವರಲ್ಲೂ 26% ಇತ್ತು. ಇಲಿಗೆ ಆದದ್ದು ಒಂದು ಪೆಟ್ಟು, ಅದರ ಹೊತ್ತು ಗೊತ್ತು. ಮಗುವಿಗೆ ಸೋಂಕು, ಉರಿಯೂತ, ಆಗಾಗ ನಿಲ್ಲುವ ಉಸಿರು, ರಕ್ತಸ್ರಾವ, ಎಲ್ಲ ಒಂದರ ಮೇಲೊಂದು. ಮೇಲಾಗಿ ಇಲಿಯ ಮಿದುಳಿಗೆ ಮಡಿಕೆಗಳಿಲ್ಲ, ಬಿಳಿ ಭಾಗ ಬಹಳ ಕಡಿಮೆ. ನಮ್ಮಲ್ಲಿ ಅದು ಅರ್ಧದಷ್ಟು.

ಕುರಿಯ ಗರ್ಭ ಸುಮಾರು 147 ದಿನ. ಮಿದುಳಿಗೆ ಮಡಿಕೆಗಳುಂಟು. 103–104ನೇ ದಿನದ ಭ್ರೂಣದ ಮಿದುಳು ನಮ್ಮ 28–30 ವಾರದ ಮಗುವಿಗೆ ಹತ್ತಿರ. ತಾಯಿಗೆ ಅರಿವಳಿಕೆ ಕೊಟ್ಟು ಭ್ರೂಣಕ್ಕೆ ರಕ್ತದೊತ್ತಡದ ನಳಿಕೆ, ಮಿದುಳಿನ ವಿದ್ಯುತ್ ಅಳೆಯುವ ತಂತಿ, ಹೊಕ್ಕುಳಬಳ್ಳಿಯ ಸುತ್ತ ಉಬ್ಬಿಸಬಹುದಾದ ಸಿಲಿಕೋನ್ ಪಟ್ಟಿ ಹಾಕಿ ಮತ್ತೆ ಗರ್ಭದಲ್ಲಿ ಬಿಡುತ್ತಾರೆ. ಕೆಲವು ದಿನ ಕಳೆದು ಪಟ್ಟಿ ಉಬ್ಬಿಸಿ 25 ನಿಮಿಷ ಬಳ್ಳಿಯನ್ನು ಒತ್ತುತ್ತಾರೆ. ಎಳೆಯ ಭ್ರೂಣ ಇಷ್ಟು ಹೊತ್ತು ತಾಳಿಕೊಳ್ಳುತ್ತದೆ, ತುಂಬು ತಿಂಗಳಿನದು 10–15 ನಿಮಿಷಕ್ಕೇ ಕುಸಿಯುತ್ತದೆ. ಎಳೆಯ ಹೃದಯದಲ್ಲಿ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ದಾಸ್ತಾನು ಹೆಚ್ಚು, ಮಿದುಳಿನ ಬೇಡಿಕೆ ಕಡಿಮೆ. ಬಳ್ಳಿ ಬಿಟ್ಟ ಮೇಲೆ ಕೆಲವು ಗಂಟೆ ಎಲ್ಲ ಸರಿಹೋದಂತೆ ಕಾಣುತ್ತದೆ, ಆಮೇಲೆ ಸೆಳೆತ ಶುರುವಾಗುತ್ತದೆ. ತುಂಬು ತಿಂಗಳಿಗೆ ಹುಟ್ಟಿ ಉಸಿರುಗಟ್ಟಿದ ಮಕ್ಕಳನ್ನು ಆರು ಗಂಟೆಯೊಳಗೆ ತಂಪು ಮಾಡಲು ಆರಂಭಿಸಿ 72 ಗಂಟೆ 33–34 ಡಿಗ್ರಿಯಲ್ಲಿಡುವ ಚಿಕಿತ್ಸೆ ರೂಪುಗೊಂಡದ್ದು ಕುರಿಯ ಈ ನಡುವಿನ ಗಂಟೆಗಳನ್ನು ನೋಡಿಯೇ. ಅದು 36 ವಾರ ತುಂಬಿದವರಿಗೆ. ಅದಕ್ಕಿಂತ ಎಳೆಯ ಮಕ್ಕಳಿಗೆ ಅದನ್ನೇ ಹಚ್ಚುವಂತಿಲ್ಲ.

ಮಿದುಳಿನ ಹಾನಿಯಿಂದ ಕೈಕಾಲು ಬಿಗಿಯುವ ಲಕ್ಷಣವನ್ನೇ ನೋಡಬೇಕಾದರೆ ಮೊಲ ಆರಿಸಿಕೊಳ್ಳಿ. ಗರ್ಭದ ಸುಮಾರು 70% ಕಳೆದಾಗ ಗರ್ಭಕೋಶಕ್ಕೆ 40 ನಿಮಿಷ ರಕ್ತ ತಡೆದರೆ, ಹುಟ್ಟಿದ ಮರಿಗಳಲ್ಲಿ ಆ ಬಿಗಿತ ಬರಿಗಣ್ಣಿಗೇ ಕಾಣುತ್ತದೆ. ಇಲಿಯಲ್ಲಿ ಅದೇ ದೋಷವನ್ನು ಹುಡುಕಿ ತೆಗೆಯಬೇಕು.